ಪದ ಪರಿಚಯ: ಗ್ರೋತ್ ಫ್ಯಾಕ್ಟರ್, ಅಂದರೆ ಎಂಜಲಿನಲ್ಲಿರುವ ರಿಪೇರಿ ಪ್ರೋಟೀನು

ನಮ್ಮ ವಿಜಯಪುರದ ಕಡೆ ಯಾರಿಗಾದರೂ ಅಲ್ಸರ್ ಆಯಿತು ಅಂದರೆ ಮೊದಲು ಬೈಸಿಕೊಳ್ಳುವುದು ರಂಜಕ. ರೊಟ್ಟಿ ಜೊತೆ ಕೆಂಪು ಖಾರ ತಿಂದದ್ದಕ್ಕೇ ಹೀಗಾಯಿತು ಅಂತ ಮನೆಮಂದಿಯೆಲ್ಲ ತೀರ್ಪು ಕೊಟ್ಟುಬಿಡುತ್ತಾರೆ. ಪಾಪ, ರಂಜಕದ ತಪ್ಪು ಅಷ್ಟಿಲ್ಲ. ಖಾರದಿಂದ ಉರಿ ಆಗಬಹುದು, ಹುಣ್ಣು ಮಾಡುವವರು ಬೇರೆ. ಒಂದು, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಇನ್ನೊಂದು, ಮೊಣಕಾಲು ನೋವಿಗೆ ಅಂತ ದಿನಾ ನುಂಗುವ ಗುಳಿಗೆ.

ಹುಣ್ಣು ಯಾಕೆ ಆಗುತ್ತದೆ ಎಂಬುದು ಈಗ ಹಲವರಿಗೆ ಗೊತ್ತು. ಹೇಗೆ ಮಾಯುತ್ತದೆ ಎಂಬುದರ ಮಾತೇ ಕಡಿಮೆ. ಗ್ರೋತ್ ಫ್ಯಾಕ್ಟರ್ ಬರುವುದು ಅಲ್ಲಿ.

ಇವು ಸಣ್ಣ ಪ್ರೋಟೀನುಗಳು. ಜೀವಕೋಶದ ಮೇಲೆ ಇವಕ್ಕೆಂದೇ ಇರುವ ರಿಸೆಪ್ಟರ್‌ಗೆ, ಅಂದರೆ ಸಂದೇಶ ಹಿಡಿಯುವ ಕೊಂಡಿಗೆ, ಅಂಟಿಕೊಂಡರೆ ಕೋಶ ಸರಿದಾಡುತ್ತದೆ, ಒಡೆದು ಎರಡಾಗುತ್ತದೆ, ಗಾಯವನ್ನು ಮುಚ್ಚುತ್ತದೆ. ಜೀರ್ಣರಸಗಳಲ್ಲಿ ಇರುವವುಗಳ ಪೈಕಿ ಹೆಸರುವಾಸಿಯಾದದ್ದು ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್, ಚಿಕ್ಕದಾಗಿ ಇಜಿಎಫ್. ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳು ಬರೀ 53 ಇರುವ ಸರಪಳಿ. ಎಂಜಲಿನಲ್ಲಿದೆ, ಸಣ್ಣ ಕರುಳಿನ ಶುರುವಿನಲ್ಲಿರುವ ಬ್ರೂನರ್ ಗ್ರಂಥಿಗಳಲ್ಲಿದೆ, ತಾಯಿಯ ಹಾಲಿನಲ್ಲೂ ಇದೆ.

ಇದು ಸಿಕ್ಕ ಕಥೆ ಮಜವಾಗಿದೆ. ಅಮೆರಿಕದ ವಿಜ್ಞಾನಿ ಸ್ಟ್ಯಾನ್ಲಿ ಕೋಹೆನ್ ಇಲಿಯ ಎಂಜಲು ಗ್ರಂಥಿಯ ಸಾರವನ್ನು ಆಗಷ್ಟೇ ಹುಟ್ಟಿದ ಮರಿಗಳಿಗೆ ಚುಚ್ಚಿದರು. ಮರಿಗಳು ಹೊತ್ತಿಗೆ ಮುಂಚೆಯೇ ಕಣ್ಣು ಬಿಟ್ಟವು, ಹಲ್ಲೂ ಬೇಗ ಬಂದವು. ಅದಕ್ಕೆ ಕಾರಣವಾದ ಪ್ರೋಟೀನನ್ನು ಅವರು 1962ರಲ್ಲಿ ಬೇರ್ಪಡಿಸಿದರು. 1986ರಲ್ಲಿ ರೀಟಾ ಲೆವಿ ಮೊಂಟಾಲ್ಚಿನಿ ಜೊತೆ ನೊಬೆಲ್ ಹಂಚಿಕೊಂಡರು. ಈ ನಡುವೆ ಇಂಗ್ಲೆಂಡಿನಲ್ಲಿ ಇನ್ನೊಂದು ಹುಡುಕಾಟ ನಡೆದಿತ್ತು. ಮನುಷ್ಯರ ಮೂತ್ರದಲ್ಲಿ ಹೊಟ್ಟೆಯ ಆ್ಯಸಿಡ್ ಇಳಿಸುವ ವಸ್ತುವೊಂದು ಮೊದಲೇ ಸಿಕ್ಕಿತ್ತು, ಅದಕ್ಕೆ ಯುರೋಗ್ಯಾಸ್ಟ್ರೋನ್ ಅಂತ ಹೆಸರಿಟ್ಟಿದ್ದರು. 1975ರಲ್ಲಿ ಅದರ ರಚನೆ ಬಿಡಿಸಿ ನೋಡಿದರೆ, ಇಲಿಯ ಇಜಿಎಫ್‌ನ 53ರಲ್ಲಿ 37 ಅಮೈನೋ ಆಮ್ಲಗಳು ಅದೇ ಜಾಗದಲ್ಲಿ! ಮನುಷ್ಯರ ಇಜಿಎಫ್ ಅದೇ ಆಗಿತ್ತು.

ಒಂದು ಪ್ರಶ್ನೆ ಬರಬೇಕು. ದಿನಾ ಒಂದು ಲೀಟರಿನಷ್ಟು ಎಂಜಲು ನುಂಗುತ್ತೇವೆ. ಅದರಲ್ಲಿ ಬೆಳೆಸುವ ಪ್ರೋಟೀನು ಇದ್ದರೆ ಹೊಟ್ಟೆಯ ಒಳಪದರ ಸುಮ್ನೆ ಬೆಳೆಯುತ್ತಲೇ ಹೋಗಬೇಕಲ್ವಾ? ಹೋಗುವುದಿಲ್ಲ. ಇಜಿಎಫ್‌ನ ರಿಸೆಪ್ಟರ್ ಹೆಚ್ಚಾಗಿ ಇರುವುದು ಕೋಶದ ಬುಡದಲ್ಲಿ, ಪಕ್ಕಗಳಲ್ಲಿ. ಊಟ ಹಾದುಹೋಗುವ ಮೇಲ್ಮೈಯಲ್ಲಿ ಅಲ್ಲ. ಪದರ ಗಟ್ಟಿಯಾಗಿದ್ದರೆ ಇಜಿಎಫ್ ಮೇಲಿಂದಲೇ ಜಾರಿ ಹೋಗುತ್ತದೆ. ಒಡ್ಡು ಒಡೆದ ಕಡೆಯಷ್ಟೇ ನೀರು ಹೊಲಕ್ಕೆ ಇಳಿದಂತೆ, ಪದರ ಕಿತ್ತುಹೋದಲ್ಲಿ ಮಾತ್ರ ಅದು ಒಳಗಿಳಿದು ರಿಸೆಪ್ಟರ್ ಮುಟ್ಟುತ್ತದೆ. ಕೆಲವು ಸಂಶೋಧಕರು ಇದನ್ನು ಕಾವಲು ಕಾಯುವ ಪ್ರೋಟೀನು ಎಂದೇ ನೋಡುತ್ತಾರೆ. ನನಗೂ ಅದೇ ಒಪ್ಪುವ ವಿವರಣೆ.

ಎಂಜಲು ಗ್ರಂಥಿ ತೆಗೆದ ಇಲಿಗಳಲ್ಲಿ ಹೊಟ್ಟೆಯ ಹುಣ್ಣು ಮಾಯಲು ಜಾಸ್ತಿ ದಿನ ಹಿಡಿಯಿತು. ಬಾಯಿಂದ ಇಜಿಎಫ್ ಕೊಟ್ಟಾಗ ಬೇಗ ಮಾಯಿತು. ಇನ್ನೂ ಬೆರಗಿನ ಸಂಗತಿ 1990ರಲ್ಲಿ ಗೊತ್ತಾಯಿತು. ಹಳೆಯ ಹುಣ್ಣಿನ ಪಕ್ಕದಲ್ಲಿ ಕರುಳು ತಾನೇ ಹೊಸ ಗ್ರಂಥಿಯಂಥ ಕೋಶಗಳನ್ನು ಬೆಳೆಸಿ, ಅಲ್ಲೇ ಇಜಿಎಫ್ ತಯಾರಿಸುತ್ತದೆ!

ಇಷ್ಟಿದ್ದೂ ಹುಣ್ಣು ಉಳಿಯುವುದು ಯಾಕೆಂದರೆ ಕೆಡವುವವರು ಕೈ ಬಿಡುವುದಿಲ್ಲ. ನೋವಿನ ಗುಳಿಗೆ ಹೊಟ್ಟೆಯ ರಕ್ಷಣೆಯನ್ನೇ ತಗ್ಗಿಸುತ್ತದೆ. ಬೀಡಿ, ಸಿಗರೇಟು ಮಾಯುವುದನ್ನು ತಡ ಮಾಡುತ್ತವೆ. ಕಟು ಆ್ಯಸಿಡ್‌ನಲ್ಲಿ ಇಜಿಎಫ್ ತಾನೇ ತುಂಡಾಗಿ ಬಲ ಕಳೆದುಕೊಳ್ಳುತ್ತದೆ.

ಹಾಗಾದರೆ ಇಜಿಎಫ್ ಗುಳಿಗೆಯನ್ನೇ ಕೊಡಬಾರದೇ? ಸಕ್ಕರೆ ಕಾಯಿಲೆಯವರ ಕಾಲಿನ ಗಾಯಕ್ಕೆ ಹಚ್ಚುವ ಇಜಿಎಫ್ ಜೆಲ್ ನಮ್ಮ ದೇಶದಲ್ಲೇ ಸಿಗುತ್ತದೆ. ಹೊಟ್ಟೆಯ ವಿಷಯ ಬೇರೆ. ಅಲ್ಲಿನ ಆ್ಯಸಿಡ್‌ನಲ್ಲಿ ಅದು ತುಂಡಾಗಿ ಬಲ ಕಳೆದುಕೊಳ್ಳುತ್ತದೆ. ಮೇಲಾಗಿ ಕೋಶ ಬೆಳೆಸುವ ಇದೇ ದಾರಿಯನ್ನು ಕ್ಯಾನ್ಸರ್ ಕೂಡ ಬಳಸಿಕೊಳ್ಳುತ್ತದೆ. ಶ್ವಾಸಕೋಶದ ಕ್ಯಾನ್ಸರಿನ ಕೆಲವು ಔಷಧಿಗಳು ಕೆಲಸ ಮಾಡುವುದೇ ಇಜಿಎಫ್ ರಿಸೆಪ್ಟರನ್ನು ತಡೆದು. ಹಾಗಾಗಿ ಡಾಕ್ಟರು ಅಲ್ಸರಿಗೆ ಬರೆಯುವುದು ಆ್ಯಸಿಡ್ ಇಳಿಸುವ ಗುಳಿಗೆ, ಪೈಲೋರಿ ಇದ್ದರೆ ಜೊತೆಗೆ ಆ್ಯಂಟಿಬಯೋಟಿಕ್. ಮಲ ಡಾಂಬರಿನಂತೆ ಕಪ್ಪಾದರೆ ಮಾತ್ರ ಒಂದು ದಿನವೂ ಕಾಯಬೇಡಿ. ಹೋದಾಗ ನುಂಗುತ್ತಿರುವ ನೋವಿನ ಗುಳಿಗೆಯ ಚೀಟಿಯನ್ನೂ ತೋರಿಸಿ.