ಚಳಿಗಾಲದಲ್ಲಿ ಕರೆಂಟು ಕೊಳ್ಳುವ ಭೂತಾನ್

ನಮ್ಮ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವಾಟ್, ಭೂತಾನಿನ ತಾಲಾ ಸ್ಥಾವರದ್ದು 1,020. ಲೆಕ್ಕದಲ್ಲಿ ಅಣ್ಣತಮ್ಮಂದಿರು. ಆದರೆ ಶರಾವತಿಯ ಬೆನ್ನಿಗೆ ಲಿಂಗನಮಕ್ಕಿ ಇದೆ; ಮಳೆಗಾಲದಲ್ಲಿ ಕೂಡಿಟ್ಟ ನೀರು ಬೇಸಿಗೆಗೂ ಒದಗುತ್ತದೆ. ತಾಲಾದ ಅಣೆಕಟ್ಟೆಯ ಹಿಂದೆ ನಿಲ್ಲುವುದು ಕೆಲವು ಗಂಟೆಗೆ ಸಾಲುವಷ್ಟು ನೀರು. ಹೊಳೆ ಹರಿದಷ್ಟೇ ಕರೆಂಟು. ಭಾರತಕ್ಕೆ ಕರೆಂಟು ಮಾರಿ ಗಳಿಸುವ ಭೂತಾನಿನ ಬೊಕ್ಕಸದ ಏರಿಳಿತದ ಮೂಲ ಇಲ್ಲಿದೆ.

ದೇಶದ ವಿಸ್ತೀರ್ಣ 38,394 ಚದರ ಕಿ.ಮೀ., ಅಂದರೆ ಕರ್ನಾಟಕದ ಐದನೇ ಒಂದು ಭಾಗ. 2017ರ ಜನಗಣತಿಯಂತೆ ಜನಸಂಖ್ಯೆ 7.27 ಲಕ್ಷ. ಅಸ್ಸಾಂ ಬಯಲಿಗೆ ತಾಗಿದ ದಕ್ಷಿಣದ ಅಂಚಿನಿಂದ 7,570 ಮೀಟರ್ ಎತ್ತರದ ಗಂಗ್‌ಖರ್ ಪುಯೆನ್‌ಸುಮ್ ಶಿಖರಕ್ಕೆ 200 ಕಿ.ಮೀ. ದೂರವೂ ಇಲ್ಲ. ಈ ಇಳಿಜಾರೇ ಬಂಡವಾಳ. ಸೆಕೆಂಡಿಗೆ ಒಂದು ಘನ ಮೀಟರ್ ನೀರು 800 ಮೀಟರ್ ಕೆಳಗಿಳಿದರೆ, ಸೋರಿಕೆ-ಘರ್ಷಣೆ ಕಳೆದು, ಸುಮಾರು 7 ಮೆಗಾವಾಟ್ ಸಿಗುತ್ತದೆ. ತಾಲಾದಲ್ಲಿ ವಾಂಗ್‌ಛು ನದಿಯ ನೀರನ್ನು 23 ಕಿ.ಮೀ. ಸುರಂಗದಲ್ಲಿ ಒಯ್ದು, ಹೆಚ್ಚುಕಡಿಮೆ ಅಷ್ಟೇ ಆಳಕ್ಕೆ ಕೆಡವಿ, ಪೆಲ್ಟನ್ ಚಕ್ರಗಳ (ಅಂಚಿನ ಸುತ್ತ ಬಟ್ಟಲು ಜೋಡಿಸಿದ ಟರ್ಬೈನು) ಬಟ್ಟಲುಗಳಿಗೆ ಹೊಡೆಸುತ್ತಾರೆ.

ಚಕ್ರದ ಶತ್ರು ಮರಳು. ಹಿಮಾಲಯದ ಹೊಳೆಗಳು ಮಳೆಗಾಲದಲ್ಲಿ ಬೆಣಚುಕಲ್ಲಿನ ಪುಡಿಯನ್ನೇ ಹೊತ್ತು ತರುತ್ತವೆ. ಆ ವೇಗದಲ್ಲಿ ಅದು ಉಕ್ಕನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಅದಕ್ಕೇ ಸುರಂಗದ ಬಾಯಲ್ಲಿ ನೆಲದಡಿ ಕೋಣೆಗಳಿವೆ. ನೀರು ಅಲ್ಲಿ ನಿಧಾನಿಸಿ, ದಪ್ಪ ಮರಳನ್ನು ತಳಕ್ಕೆ ಬಿಟ್ಟು ಮುಂದೆ ಹೋಗುತ್ತದೆ. ನುಣ್ಣನೆಯ ಹೂಳು ಹೇಗೂ ನುಸುಳುತ್ತದೆ. ಹಾಗಾಗಿ ಚಕ್ರಗಳ ರಿಪೇರಿಗೆ ಹೊಳೆ ಬತ್ತುವ ಚಳಿಗಾಲವೇ ಕಾಲ.

ಆ ಚಳಿಗಾಲವೇ ತಾಪತ್ರಯ. ಮೇಲೆ ಹಿಮ ಕರಗುವುದಿಲ್ಲ, ಕೆಳಗೆ ಮಳೆಯಿಲ್ಲ. ಉತ್ಪಾದನೆ ಪೂರ್ಣ ಸಾಮರ್ಥ್ಯದ ಸಣ್ಣದೊಂದು ಪಾಲಿಗೆ ಇಳಿಯುತ್ತದೆ. ಮನೆ ಮನೆಯಲ್ಲಿ ಹೀಟರ್ ಉರಿಯುವುದೂ ಆಗಲೇ. ಕೈಗಾರಿಕಾ ಪಟ್ಟಣ ಪಾಸಾಖಾದಲ್ಲಿ ಫೆರೋಸಿಲಿಕಾನ್ (ಕಬ್ಬಿಣ-ಸಿಲಿಕಾನ್ ಮಿಶ್ರಲೋಹ) ಕರಗಿಸುವ ಕುಲುಮೆಗಳಿಗಂತೂ ಋತುಮಾನ ಗೊತ್ತಿಲ್ಲ. ಮಳೆಗಾಲದಲ್ಲಿ ಭಾರತಕ್ಕೆ ಕರೆಂಟು ಮಾರಿದ ದೇಶ ಈಚಿನ ವರ್ಷಗಳಲ್ಲಿ ಚಳಿಗಾಲಕ್ಕೆ ಭಾರತದ ವಿದ್ಯುತ್ ಮಾರುಕಟ್ಟೆಯಿಂದಲೇ ಕೊಳ್ಳುತ್ತಿದೆ.

ಹಣದ ಲೆಕ್ಕವೂ ಹೀಗೆಯೇ ಸಿಕ್ಕುಸಿಕ್ಕು. 336 ಮೆಗಾವಾಟಿನ ಚುಖಾ ಸ್ಥಾವರಕ್ಕೆ ಭಾರತ 60% ಅನುದಾನ, 40% ಸಾಲ ಕೊಟ್ಟಿತ್ತು. 2019ರಲ್ಲಿ ಮುಗಿದ 720 ಮೆಗಾವಾಟಿನ ಮಾಂಗ್ದೆಛುವಿಗೆ ಬರುವಷ್ಟರಲ್ಲಿ ಸಾಲವೇ 70%. ಭೂತಾನಿನ ಙುಲ್ಟ್ರಮ್ ನಮ್ಮ ರೂಪಾಯಿಗೆ ಸರಿಸಮ, ಒಂದಕ್ಕೆ ಒಂದು. ಸಿಮೆಂಟು, ಉಕ್ಕು, ಕೂಲಿ ಎಲ್ಲಕ್ಕೂ ರೂಪಾಯಿ ಬೇಕು. ರೂಪಾಯಿಯನ್ನು ಥಿಂಪುವಿನಲ್ಲಿ ಅಚ್ಚು ಹಾಕುವಂತಿಲ್ಲ. 2012ರಲ್ಲಿ ಬ್ಯಾಂಕುಗಳಲ್ಲಿ ರೂಪಾಯಿಗೇ ಬರ ಬಂದದ್ದಕ್ಕೆ ಇದೂ ಒಂದು ಕಾರಣ: ಸ್ಥಾವರ ಗಳಿಸುವ ಮೊದಲೇ ಅದನ್ನು ಕಟ್ಟುವ ಖರ್ಚು ಹೊರಗೆ ಹರಿದಿತ್ತು.

ಬೆಟ್ಟವೂ ಕೈಕೊಡುತ್ತದೆ. 1,200 ಮೆಗಾವಾಟಿನ ಪುನಾತ್ಸಾಂಗ್‌ಛು-1ರ ಕೆಲಸ 2008ರಲ್ಲಿ ಶುರುವಾಯಿತು. 2013ರಲ್ಲಿ ಅಣೆಕಟ್ಟೆಯ ಜಾಗದ ಬಲದಂಡೆಯ ಗುಡ್ಡ ಜಾರಿತು. ಅದನ್ನು ಹಿಡಿದು ನಿಲ್ಲಿಸುವುದರಲ್ಲೇ ವರ್ಷಗಳು ಕಳೆದವು. ಅದೇ ಕಣಿವೆಗೆ 1994ರ ಅಕ್ಟೋಬರ್‌ನಲ್ಲಿ ಲುಗ್ಗೆ ತ್ಸೋ ಎಂಬ ಹಿಮಸರೋವರ ಒಡೆದು ನುಗ್ಗಿತ್ತು. ಪುನಾಖಾದ ಕೋಟೆ-ಮಠ ಜೋಂಗ್‌ಗೂ ಪೆಟ್ಟು ಬಿತ್ತು.

ಕರೆಂಟಿನ ದುಡ್ಡಿನ ಮೇಲೆ ನಿಂತ ಆಡಳಿತವೂ ವಿಶಿಷ್ಟ. 2008ರ ಸಂವಿಧಾನ ರಾಜನಿಗೆ 65ಕ್ಕೆ ನಿವೃತ್ತಿ ವಿಧಿಸಿದೆ. 60% ನೆಲ ಎಂದೆಂದಿಗೂ ಕಾಡಾಗಿರಬೇಕು, ಪ್ರಾಥಮಿಕ ಚಿಕಿತ್ಸೆ ಉಚಿತವಾಗಿರಬೇಕು ಎಂದೂ ಹೇಳಿದೆ. ಚುನಾವಣೆ ಎರಡು ಸುತ್ತಿನದು: ಮೊದಲ ಸುತ್ತಿನಲ್ಲಿ ಮುಂದಿರುವ ಎರಡೇ ಪಕ್ಷಗಳು ಎರಡನೆಯದರಲ್ಲಿ ಸಂಸತ್ತಿನ ಕೆಳಮನೆಯ 47 ಸ್ಥಾನಗಳಿಗೆ ಸೆಣಸುತ್ತವೆ. 2008ರ ನಂತರದ ಮೂರು ಚುನಾವಣೆಗಳಲ್ಲೂ ಮತದಾರರು ಆಳುವ ಪಕ್ಷವನ್ನು ಇಳಿಸಿದ್ದಾರೆ. ಜನರ ನೆಮ್ಮದಿಯೇ ದೇಶದ ಪ್ರಗತಿಯ ಅಳತೆ ಎಂದು ಭೂತಾನ್ ಹೇಳುವ 'ರಾಷ್ಟ್ರೀಯ ಸಂತೋಷ'ದ ಮಾತು ಕೇಳಿ ಮರುಳಾಗುವವರು ಇನ್ನೊಂದನ್ನೂ ನೆನೆಯಬೇಕು: 1990ರ ದಶಕದ ಆರಂಭದಲ್ಲಿ ನೇಪಾಳಿ ಮೂಲದ ಲೋತ್ಸಾಂಪರು ಲಕ್ಷದಷ್ಟು ಮಂದಿ ಇದೇ ದೇಶದಿಂದ ಹೊರಬಿದ್ದು ನೇಪಾಳದ ಶಿಬಿರಗಳನ್ನು ಸೇರಿದರು.

ಚಳಿಗಾಲದ ಕೊರತೆಗೆ ಲಿಂಗನಮಕ್ಕಿಯಂಥದೇ ಮದ್ದು ಬೇಕು. 2,585 ಮೆಗಾವಾಟಿನ ಸಂಕೋಶ್ ಯೋಜನೆಯ ಪ್ರಸ್ತಾಪ ವರ್ಷಗಳಿಂದ ಇರುವುದು ಅದಕ್ಕೇ. ಮಳೆಗಾಲದ ನೀರನ್ನು ಹಿಡಿದಿಟ್ಟು ಜನವರಿಯಲ್ಲಿ ಬಿಡಬಹುದು. ಆದರೆ ಜಲಾಶಯ ಅಂದರೆ ಮುಳುಗಡೆ, ಮತ್ತೆ ಬೃಹತ್ ಸಾಲ. ಅಗಲ ಕಣಿವೆ ಎಂಬುದೇ ಅಪರೂಪವಾದ ನಾಡಿನಲ್ಲಿ ಮುಳುಗುವುದು ಯಾವುದು ಎಂಬುದೇ ಚೌಕಾಸಿ.