ಮೆಟ್ಟುಗತ್ತಿ ಎಲ್ಲಿದೆ ಅಂತ ಪ್ರೋಗ್ರಾಮಿಗೆ ಬರೆದಿಡಬೇಡಿ

ಮಲೆನಾಡಿನ ಮನೆಗಳಲ್ಲಿ ಅಡಿಕೆ ಸುಲಿಯುವ ಕಾಲಕ್ಕೆ "ಮೆಟ್ಟುಗತ್ತಿ ತಗೊಂಡು ಬಾ" ಅಂದರೆ ಸಾಕು. ಹುಡುಗ ಮೊದಲು ಜಗಲಿ ನೋಡುತ್ತಾನೆ, ಆಮೇಲೆ ಕೊಟ್ಟಿಗೆ, ಕೊನೆಗೆ ಅಟ್ಟ. ಮೊದಲು ಕಂಡಿದ್ದನ್ನು ತರುತ್ತಾನೆ. ದೊಡ್ಡಪ್ಪನ ಮನೆಗೆ ಸುಲಿಯಲು ಹೋದರೂ ಅದೇ ಮಾತು ನಡೆಯುತ್ತದೆ. "ನಮ್ಮನೆ ಅಟ್ಟದಿಂದಲೇ ತಾ" ಅಂತ ಕಲಿಸಿದ್ದರೆ? ಪಾಪ, ಅಲ್ಲಿಂದ ನಮ್ಮನೆಗೆ ಓಡಿ ಬರುತ್ತಾನೆ.

ಐಬಿಎಂ 1988ರಲ್ಲಿ ತಂದ ಎಎಸ್/400 ಕಂಪ್ಯೂಟರಿನ ವಂಶ ಇಂದಿಗೂ ಐಬಿಎಂ ಐ ಹೆಸರಲ್ಲಿ ಓಡುತ್ತಿದೆ. ಅಲ್ಲಿ ಫೈಲು, ಪ್ರೋಗ್ರಾಮು ಎಲ್ಲ ಲೈಬ್ರರಿ ಅನ್ನುವ ಕಪಾಟುಗಳ ಒಳಗಿರುತ್ತವೆ. ಟೆಸ್ಟಿಗೊಂದು ಲೈಬ್ರರಿ, ನಿಜವಾದ ವ್ಯವಹಾರಕ್ಕೆ ಅಂದರೆ ಪ್ರೊಡಕ್ಷನ್‌ಗೆ ಇನ್ನೊಂದು. ಎರಡರಲ್ಲೂ ಅದೇ ಹೆಸರಿನ ಫೈಲು. ಹುಡುಗನಿಗೆ ಜಗಲಿ, ಕೊಟ್ಟಿಗೆ, ಅಟ್ಟ ಇದ್ದ ಹಾಗೆ, ಯಾವ ಲೈಬ್ರರಿಯಲ್ಲಿ ಮೊದಲು ಹುಡುಕಬೇಕು ಅನ್ನುವುದು ಲೈಬ್ರರಿ ಲಿಸ್ಟ್ ಅನ್ನುವ ಪಟ್ಟಿಯಲ್ಲಿ ಇರುತ್ತದೆ. ಆ ಪಟ್ಟಿಯಲ್ಲಿ ಬಳಕೆದಾರರಿಗೆ ಬಿಟ್ಟ ಭಾಗದಲ್ಲೇ 250 ಲೈಬ್ರರಿಗಳ ತನಕ ಸೇರಿಸಬಹುದು. ಅಷ್ಟು ಯಾಕೆ ಬೇಕೋ!

ಶಿವಮೊಗ್ಗದ ಮನೆಯಿಂದ ದೂರದ ಕಂಪನಿಯೊಂದಕ್ಕೆ ಕೆಲಸ ಮಾಡುತ್ತಿದ್ದಾಗ ನಾನೂ ಎಡವಿದ್ದೇನೆ. ಜೋರು ಮಳೆ, ಕರೆಂಟಿಲ್ಲ, ಯುಪಿಎಸ್ ಕೂಗುತ್ತಿತ್ತು. ಬೇಗ ಮುಗಿಸೋಣ ಅಂತ ದರದ ಫೈಲನ್ನು ಖಾಲಿ ಮಾಡುವ ಟೆಸ್ಟ್ ಓಡಿಸಿದೆ. ಸಾವಿರಾರು ಸಾಲಿನ ಪ್ರೋಗ್ರಾಮಿನಲ್ಲಿ ಒಂದೇ ಒಂದು ಕಡೆ ಯಾರೋ "ಪ್ರಾಡ್‌ಲಿಬ್/ರೇಟ್ಸ್" ಅಂತ, ಅಂದರೆ ಪ್ರೊಡಕ್ಷನ್ ಲೈಬ್ರರಿಯ ದರದ ಫೈಲೇ ಬೇಕು ಅಂತ ಬರೆದಿದ್ದರು. ಖಾಲಿಯಾಗಿದ್ದು ನಿಜವಾದ ಫೈಲು. ಬ್ಯಾಕಪ್‌ನಿಂದ ತರುವಷ್ಟರಲ್ಲಿ ರಾತ್ರಿಯಾಯಿತು.

ಮದ್ದು ಸುಲಭ. ಪ್ರೋಗ್ರಾಮಿನಲ್ಲಿ ಬರೀ "ರೇಟ್ಸ್" ಅಂತಿರಲಿ. ಲೈಬ್ರರಿಗಳ ಪಟ್ಟಿ ಜಾಬ್ ಡಿಸ್ಕ್ರಿಪ್ಷನ್‌ನಲ್ಲಿ, ಅಂದರೆ ಒಂದು ಕೆಲಸ ಹೇಗೆ ಓಡಬೇಕು ಅಂತ ಕಂಪ್ಯೂಟರಿಗೆ ಹೇಳುವ ವಿವರದಲ್ಲಿರಲಿ, ಟೆಸ್ಟಿಗೆ ಒಂದು, ಪ್ರೊಡಕ್ಷನ್‌ಗೆ ಇನ್ನೊಂದು. ಆಗ ಟೆಸ್ಟ್ ಮುಗಿದ ಪ್ರೋಗ್ರಾಮನ್ನು ಒಂದಕ್ಷರ ತಿದ್ದದೆ ಪ್ರೊಡಕ್ಷನ್‌ಗೆ ಸಾಗಿಸಬಹುದು. ತಿದ್ದಿದರೆ ನೀವು ಪರೀಕ್ಷಿಸಿದ್ದು ಬೇರೆ, ಓಡಿಸುತ್ತಿರುವುದು ಬೇರೆ, ಅಲ್ವಾ?

ಆದರೆ ಈ ಪಟ್ಟಿಯಲ್ಲೂ ಒಂದು ಗುಂಡಿ ಇದೆ. ಕೆಲವರು ಟೆಸ್ಟ್ ಪಟ್ಟಿಯ ಕೊನೆಯಲ್ಲಿ ಪ್ರೊಡಕ್ಷನ್ ಲೈಬ್ರರಿಯನ್ನೂ ಸೇರಿಸಿಡುತ್ತಾರೆ, ಸುಮ್ನೆ ಅನುಕೂಲಕ್ಕೆ. ಟೆಸ್ಟ್ ಲೈಬ್ರರಿಯಲ್ಲಿ ಫೈಲು ಇಲ್ಲದಿದ್ದರೆ ಹುಡುಕಾಟ ಸದ್ದಿಲ್ಲದೆ ಕೆಳಗಿಳಿದು ಅಸಲಿ ಫೈಲನ್ನೇ ಹಿಡಿಯುತ್ತದೆ. "ಫೈಲು ಸಿಗಲಿಲ್ಲ" ಅಂತ ಪ್ರೋಗ್ರಾಮು ನಿಂತುಹೋಗುವುದೇ ವಾಸಿ. ಇನ್ನೊಂದು ಮಾತು: ಫೈಲನ್ನು ತೆರೆದ ಮೇಲೆ ಪಟ್ಟಿ ಬದಲಿಸಿದರೆ ಪ್ರಯೋಜನವಿಲ್ಲ. ಕತ್ತಿ ಆಗಲೇ ಹುಡುಗನ ಕೈಯಲ್ಲಿರುತ್ತದೆ.