ನೆತ್ತಿಯ ಮಡಿಕೆ ಮಿದುಳಿನ ಊತವಲ್ಲ, ನಾಗದೋಷವಂತೂ ಅಲ್ಲವೇ ಅಲ್ಲ

ತಲೆ ಬೋಳಿಸಿದಾಗ ನೆತ್ತಿಯಲ್ಲಿ ಉದ್ದುದ್ದ ಮಡಿಕೆ ಕಂಡರೆ ಸಾಕು, ಮಿದುಳು ಊದಿಕೊಂಡಿದೆ ಅಂತ ಒಬ್ಬರು, ನಾಗದೋಷ ಅಂತ ಇನ್ನೊಬ್ಬರು. ಮಿದುಳಿಗೂ ಈ ಚರ್ಮಕ್ಕೂ ಮಧ್ಯೆ ಗಟ್ಟಿ ಬುರುಡೆ ಇದೆ, ಅಲ್ವಾ? ನಾಗನನ್ನು ಸುಮ್ನೆ ಎಳೆದು ತರಬೇಡಿ.

ವೈದ್ಯರು ಇದನ್ನು ಕ್ಯೂಟಿಸ್ ವರ್ಟಿಸಿಸ್ ಗೈರೇಟಾ ಅನ್ನುತ್ತಾರೆ. ಫ್ರಾನ್ಸಿನ ಚರ್ಮವೈದ್ಯ ಅಲಿಬರ್ 1837ರಲ್ಲೇ ಇಂಥದ್ದನ್ನು ವಿವರಿಸಿದ್ದರು. ಈಗಿನ ಹೆಸರು 1907ರಲ್ಲಿ ಜರ್ಮನಿಯ ಚರ್ಮವೈದ್ಯ ಉನ್ನಾ ಕೊಟ್ಟದ್ದು. ಬಹಳ ಅಪರೂಪ, ಗಂಡಸರಲ್ಲೇ ಜಾಸ್ತಿ. ಪ್ರಾಯಕ್ಕೆ ಬಂದ ಮೇಲೆ, ಸಾಮಾನ್ಯವಾಗಿ 30 ದಾಟುವ ಮೊದಲು ಶುರುವಾಗುತ್ತದೆ. ಬೆರಳಲ್ಲಿ ಎಷ್ಟು ಒತ್ತಿದರೂ ಮಡಿಕೆ ಸಪಾಟಾಗುವುದಿಲ್ಲ.

ಬೇರೇನೂ ಕಾಯಿಲೆ ಇಲ್ಲದೆ ಬರೀ ಮಡಿಕೆ ಇದ್ದರೆ ಅದು ಒಂದು ಬಗೆ. ಮಡಿಕೆಯ ಜೊತೆ ಮೂರ್ಛೆರೋಗ, ಬುದ್ಧಿ ಬೆಳವಣಿಗೆಯ ತೊಂದರೆ ಅಥವಾ ಕಣ್ಣಿನ ದೋಷ ಇದ್ದರೆ ಇನ್ನೊಂದು. ಇವೆರಡಕ್ಕೂ ಕಾರಣ ಪೂರ್ತಿ ಗೊತ್ತಾಗಿಲ್ಲ, ಎರಡನ್ನೂ ಸೇರಿಸಿ ಪ್ರಾಥಮಿಕ ಅನ್ನುತ್ತಾರೆ. ಬೇರೆ ಕಾಯಿಲೆಯಿಂದಲೇ ಮಡಿಕೆ ಬಂದಿದ್ದರೆ ಅದು ದ್ವಿತೀಯಕ. ನನಗೆ ಕುತೂಹಲ ಇರುವುದು ಇದರಲ್ಲೇ.

ಅಕ್ರೋಮೆಗಲಿ ನೋಡಿ, ದೊಡ್ಡವರಾದ ಮೇಲೂ ಕೈಕಾಲು ದಪ್ಪಗಾಗುತ್ತಾ ಹೋಗುವ ಕಾಯಿಲೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಸಣ್ಣ ಗಡ್ಡೆ ಎದ್ದು ಬೆಳವಣಿಗೆಯ ಹಾರ್ಮೋನು ಮಿತಿಮೀರಿ ಸುರಿಯುತ್ತದೆ, ಅದು ಲಿವರ್‌ಗೆ ತಲುಪಿ ಐಜಿಎಫ್-1 ಅನ್ನುವ ಇನ್ನೊಂದು ವಸ್ತುವನ್ನು ಹೆಚ್ಚಿಸುತ್ತದೆ, ಅದರಿಂದ ಚರ್ಮದಲ್ಲಿ ಕೊಲಾಜನ್ ನಾರೂ ನೀರು ಹಿಡಿದಿಡುವ ಅಂಟುವಸ್ತುವೂ ತುಂಬಿಕೊಳ್ಳುತ್ತವೆ. ಚರ್ಮ ದಪ್ಪಗಾಯಿತು, ಅಗಲವೂ ಆಯಿತು. ಸಣ್ಣ ಕೋಣೆಯಲ್ಲಿ ದೊಡ್ಡ ಜಮಖಾನ ಹಾಸಿದರೆ ಗೋಡೆಗೆ ತಾಗಿ ಸುಕ್ಕು ಏಳುತ್ತದಲ್ಲ, ಹಾಗೇ. ಅದಕ್ಕೇ ವೈದ್ಯರು ತಲೆ ನೋಡಿ ಕಾಲಿನ ವಿಷಯ ಕೇಳುತ್ತಾರೆ: ಚಪ್ಪಲಿ ಸೈಜ್ ಹೆಚ್ಚಾಗಿದೆಯಾ, ಉಂಗುರ ಬಿಗಿಯಾಗಿದೆಯಾ?

ಹುಟ್ಟಿನಿಂದ ಇರುವ ದೊಡ್ಡ ಮಚ್ಚೆಯೊಂದು ಮಡಿಕೆ ಮಡಿಕೆಯಾಗಿ ಬೆಳೆಯುವುದೂ ಉಂಟು. ಅದನ್ನು ಚರ್ಮದ ಡಾಕ್ಟರಿಗೆ ತೋರಿಸಲೇಬೇಕು, ಅಪರೂಪಕ್ಕೆ ಕ್ಯಾನ್ಸರ್ ಆಗಬಹುದು. ದೇಹ ಬೆಳೆಸಲು ಚುಚ್ಚಿಕೊಳ್ಳುವ ಸ್ಟೆರಾಯ್ಡ್‌ನಿಂದಲೂ ಮಡಿಕೆ ಬಂದದ್ದಿದೆ.

ಬರೀ ಮಡಿಕೆಯಾದರೆ ಜೀವಕ್ಕೇನೂ ಅಪಾಯವಿಲ್ಲ. ಆದರೆ ನಮ್ಮ ಕೊಡಗಿನ ಮಳೆಗಾಲದಲ್ಲಿ ತಲೆ ಒಣಗುವುದೇ ಕಷ್ಟ. ಸಂದಿಯಲ್ಲಿ ಬೆವರು, ತೇವ ನಿಂತರೆ ವಾಸನೆ, ತುರಿಕೆ, ಸೋಂಕು. ಪ್ರತಿ ಸಂದಿಯನ್ನೂ ತೊಳೆದು ಬಟ್ಟೆಯಲ್ಲಿ ಒತ್ತಿ ಒರೆಸಬೇಕು. ನೋಡಲು ತೀರಾ ಮುಜುಗರವಾದರೆ ಪ್ಲಾಸ್ಟಿಕ್ ಸರ್ಜನ್ ಹೆಚ್ಚುವರಿ ಚರ್ಮ ಕತ್ತರಿಸಿ ಹೊಲಿಯುತ್ತಾರೆ.